ಹಳಿಯಿಲ್ಲದ ಮಂಗಳವಾರ

ಇಪ್ಪತ್ತಾರು ವರ್ಷದಿಂದ ಸೋಫಿಯಾದ ಬೀದಿಗಳಲ್ಲಿ
ಟ್ರಾಮ್ ಓಡಿಸುತ್ತಿದ್ದೇನೆ.
ದಕ್ಷಿಣಕ್ಕೆ ತಿರುಗಿದಾಗೆಲ್ಲ ಗಾಜಿನ ತುಂಬ ವಿತೋಶಾ ಬೆಟ್ಟ,
ಯಾರೋ ಒಗೆದು ಒಣಹಾಕಿ ಮರೆತ ಹಾಸಿನಂತೆ.
ಬೆನ್ನ ಹಿಂದೆ ಸ್ಕೀ ಹೊತ್ತು ನಿಂತ ಹುಡುಗರು;
ಬಾಗಿಲಿಗೆ ತಗುಲಿಸಿದರೆ ಗದರುತ್ತಿದ್ದೆ.
ಆ ಗದರಿಕೆಯಲ್ಲಿ ಒಂದು ಚಿಟಿಕೆ ಹೊಟ್ಟೆಕಿಚ್ಚಿತ್ತು,
ಈಗ ಹೇಳಬಹುದು.

ಐವತ್ಮೂರು ತುಂಬಿತು. ಮೊಣಕಾಲು ಇನ್ನೂ ಮಾತು ಕೇಳುತ್ತವೆ,
ಎಡದ್ದು ಸ್ವಲ್ಪ ತಡವಾಗಿ.
ಈ ಚಳಿಗಾಲ ಹೋಗಿಯೇ ತೀರುವುದೆಂದು
ರದ್ದಾದ ಟಿಕೆಟ್ ಸುರುಳಿಯ ಬೆನ್ನಿಗೆ
ಲೆಕ್ಕ ಬರೆಯಲು ಕೂತೆ.

ಬಾನ್ಸ್ಕೊ, ಒಂದು ವಾರ, ಹೋಟೆಲು, ಮೇಲೇರುವ ಪಾಸು.
ಕೂಡಿಸಿದೆ. ಬಂದದ್ದು ಸಂಬಳವಲ್ಲ, ಸಂಬಳದ ಅಣ್ಣ.
ವಾರವನ್ನು ಮೂರು ದಿನ ಮಾಡಿದೆ,
ಮೂರನ್ನು ಒಂದು.
ಹೋಟೆಲಿಗೆ ಅಡ್ಡಗೆರೆ: ಮನೆಯಲ್ಲೇ ಮಂಚವಿದೆ.
ಬೆಟ್ಟ ತಾನಾಗಿ ಕಿಟಕಿಗೆ ಬಂದು ನಿಂತಿರುವಾಗ
ದೂರದ್ದು ನುಣ್ಣಗಿದೆಯೆಂದು ಯಾಕೆ ಹೋಗಲಿ?
ಶನಿವಾರ ದುಬಾರಿ, ಮಂಗಳವಾರ ಅಗ್ಗ.
ಮಂಗಳವಾರದ ಪಾಳಿ ಯೊರ್ದಾನ್ಕಾಗೆ ಕೊಟ್ಟೆ,
ಬದಲಿಗೆ ಅವಳ ಹೊಸವರ್ಷದ ರಾತ್ರಿ ನನ್ನ ಪಾಲಿಗೆ.
ಅದನ್ನು ಯಾವ ಖಾತೆಗೆ ಬರೆಯುವುದೋ ತಿಳಿಯಲಿಲ್ಲ.

ಬಾಡಿಗೆ ಅಂಗಡಿಯ ಸ್ತಾಮೆನ್ ಮುದುಕ ಹೇಳಿದ:
"ಜಾಕೆಟ್ಟು ಕಡ ತಗೋ, ಪ್ಯಾಂಟು ಕಡ ತಗೋ,
ಬೂಟಿನಲ್ಲಿ ಮಾತ್ರ ಜುಗ್ಗತನ ಬೇಡ.
ಕೈಗವಸು ಎರಡು ಜೊತೆ ಇರಲಿ, ಒಂದು ಒದ್ದೆಯಾಗಲಿಕ್ಕೆ.
ಹೆಲ್ಮೆಟ್ಟಿಗೆ ಕಾಸು ಬೇಡ,
ತಲೆಯ ಸಮೇತ ವಾಪಸು ತಂದರೆ ಸಾಕು."
ಅಳಿಯನ ಮೀನು ಹಿಡಿಯುವ ಪ್ಯಾಂಟು ಸಿಕ್ಕಿತು;
ಎರಡು ಸಲ ಒಗೆದರೂ ಡ್ಯಾನ್ಯೂಬ್ ಬಿಟ್ಟುಹೋಗಲಿಲ್ಲ.
ಬುತ್ತಿಗೆ ಬೇಯಿಸಿದ ಮೊಟ್ಟೆ, ಬಿಳಿ ಚೀಸು, ಫ್ಲಾಸ್ಕಿನಲ್ಲಿ ಚಹಾ
(ಮೇಲಿನ ಕೆಫೆಯ ಸೂಪಿನ ಬೆಲೆ ಕೇಳಿ ಬಲ್ಲೆ).
ಒಂದೇ ಒಂದು ಸಾಲಿನಲ್ಲಿ ಕೈ ಬಿಚ್ಚಿದೆ:
ಕಲಿಸುವವನಿಗೆ, ಎರಡು ಗಂಟೆ.
ಬರೆದು, ಹೊಡೆದು, ಮತ್ತೆ ಬರೆದು,
ಪೆನ್ನನ್ನು ಬೇರೆ ಕೋಣೆಯಲ್ಲಿಟ್ಟು ಬಂದೆ.

ಅವನ ಹೆಸರು ಕಲೋಯಾನ್. ಹತ್ತೊಂಬತ್ತೋ ಇಪ್ಪತ್ತೋ,
ಬರಲೋ ಬೇಡವೋ ಅನ್ನುವ ಮೀಸೆ.
"ಲೆಲ್ಯಾ, ಮೊದಲು ಬೀಳುವುದು ಕಲಿಯೋಣ," ಅಂದ.
ದುಡ್ಡು ಕೊಟ್ಟು ಬೀಳುವುದೇ, ಕೇಳಬೇಕೆಂದಿದ್ದೆ,
ಅಷ್ಟರಲ್ಲಿ ಬಿದ್ದಾಗಿತ್ತು. ಪುಕ್ಕಟೆ.
"ಹಿಮ್ಮಡಿ ಅಗಲಿಸಿ, ತುದಿ ಹತ್ತಿರ ತನ್ನಿ,
ಬಾನಿತ್ಸಾದ ತುಂಡಿನ ಹಾಗೆ. ಅದೇ ಬ್ರೇಕು."
ಬ್ರೇಕು ಅಂದರೆ ನನಗೆ ಪಾದದ ಕೆಳಗಿನ ಕಬ್ಬಿಣ.
ಒತ್ತಿದೆ. ಹಿಮ ನಕ್ಕಿತು.
ಗೊಂಬೆಯಷ್ಟೆತ್ತರದ ಮಕ್ಕಳು ಗೋಲಿಗಳಂತೆ
ನನ್ನ ಎರಡೂ ಬದಿಯಿಂದ ಉರುಳಿ ಹೋದವು.

ಹಾಸಿಗೆ ಇದ್ದಷ್ಟು ಕಾಲು ಚಾಚು,
ಅಜ್ಜಿ ದಿನಕ್ಕೆರಡು ಸಲ ಹೇಳುತ್ತಿದ್ದಳು.
ನೋಡು ಅಜ್ಜೀ,
ಈ ಹಾಸಿಗೆಗೆ ಅಂಚೇ ಕಾಣಿಸುತ್ತಿಲ್ಲ,
ಕಾಲಿಗೋ ಉದ್ದ ಒಂದೂವರೆ ಮೀಟರು,
ಬಾಡಿಗೆಗೆ, ಸಂಜೆ ಏಳರ ತನಕ.

ಮಧ್ಯಾಹ್ನದ ಮೇಲೆ ಯಾವಾಗಲೋ ಜಾರಿದೆ.
ಹನ್ನೊಂದು ಮೀಟರು ಇರಬಹುದು, ಹನ್ನೆರಡು ಅನ್ನೋಣ.
ಹಿಂದೆ ಹತ್ತುವವರಿಲ್ಲ, ಮುಂದೆ ನಿಲ್ದಾಣವಿಲ್ಲ.
ಎದುರು ಯಾರೋ ಅಡ್ಡ ಬಂದರು;
ನನ್ನ ಬಾಯಿ ತಾನೇ ಗಂಟೆಯಾಯಿತು: ಟಿಣ್ ಟಿಣ್!
ನಿಂತು ತಿರುಗಿ ನೋಡಿದೆ. ಹಿಮದಲ್ಲಿ ಎರಡು ಗೆರೆ,
ಒಮ್ಮೆ ಕೂಡಿ, ಒಮ್ಮೆ ಮುನಿದು.
ಯಾವ ಟ್ರಾಮೂ ಅದರ ಮೇಲೆ ಓಡಲಾರದು.

ಒಂದು ಕೈಗವಸು ಕಳೆದಿದೆ, ಲೆಕ್ಕಕ್ಕೆ ಸೇರಿಸಿಲ್ಲ.
ಕೆಳಗಿಳಿಯುವ ಬಸ್ಸು ಹತ್ತುವಾಗ
ನನ್ನ ಸ್ಕೀ ಬಾಗಿಲಿಗೆ ತಗುಲಿತು.
ಚಾಲಕ ಗದರಿದ, ಮನಸಾರೆ.
ಬೈಸಿಕೊಂಡು,
ಒದ್ದೆ ಪ್ಯಾಂಟಿನಲ್ಲಿ, ಕೊನೆಯವರೆಗೂ ನಿಂತೇ ಬಂದೆ.